ಬೆನ್ನಿಗೆ ಹಾಕುವ ಲಾಡಿ ಚೀಲವನ್ನು ಮನೆಯಲ್ಲೇ ಹೊಲಿದ ಬಗೆ

ಬಾಯಿಗೆ ಪೋಣಿಸಿದ ಲಾಡಿಯನ್ನೇ ಕೆಳಮೂಲೆಗಳಿಗೆ ಕಟ್ಟಿ ಬೆನ್ನಿಗೆ ಹಾಕಿಕೊಳ್ಳುವ ಚೀಲದಲ್ಲಿ ಜಿಪ್ಪಿಲ್ಲ, ಬಕಲ್ ಇಲ್ಲ, ಹೆಗಲಿಗೆಂದು ಬೇರೆ ಪಟ್ಟಿಯೂ ಇಲ್ಲ. ಹೊಲಿಗೆ ಕಲಿಯುತ್ತಿರುವವರಿಗೂ ಇದು ಕೈಗೆಟಕುವ ಕೆಲಸ. ಆದರೆ ಇಂಥ ಚೀಲಗಳು ಹಾಳಾಗುವ ರೀತಿಯನ್ನು ನೋಡಿದರೆ, ಬಟ್ಟೆ ಇನ್ನೂ ಗಟ್ಟಿಯಾಗಿರುವಾಗಲೇ ಕೆಳಮೂಲೆಯ ಕುಣಿಕೆ ಕಿತ್ತು ಬಂದಿರುತ್ತದೆ, ಇಲ್ಲವೇ ಲಾಡಿ ಹೊರಬರುವ ಕಿಂಡಿ ಹರಿದಿರುತ್ತದೆ. ಒಳಗಿಟ್ಟ ಪುಸ್ತಕ, ಬುತ್ತಿ ಡಬ್ಬಿ, ನೀರಿನ ಬಾಟಲಿಗಳ ತೂಕವೆಲ್ಲ ಎರಡು ಕುಣಿಕೆ, ಎರಡು ಕಿಂಡಿಗಳ ಮೇಲೆಯೇ ಜಗ್ಗುತ್ತದೆ. ಮಗಳ ಟ್ಯೂಷನ್ನಿಗೆಂದು ಚೀಲ ಹೊಲಿಯುವಾಗ ಅಂದಚೆಂದಕ್ಕಿಂತ ಹೆಚ್ಚಾಗಿ ನಾನು ಈ ನಾಲ್ಕು ಜಾಗಗಳನ್ನು ಗಮನದಲ್ಲಿಟ್ಟುಕೊಂಡೆ.

ಹೊರಬಟ್ಟೆಗೆ ದಪ್ಪ ಹತ್ತಿಯ ಕ್ಯಾನ್ವಾಸನ್ನೂ ಒಳಪದರವಾದ ಅಸ್ತರಿಗೆ ಪಾಪ್ಲಿನ್ನನ್ನೂ ಆರಿಸಿಕೊಂಡೆ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಬಟ್ಟೆಯ ಗುಣ ಬಲ್ಲವರು ಇಂದಿಗೂ ಓಣಿಗೊಬ್ಬರು ಸಿಗುತ್ತಾರೆ. ಗಿರಣಿಯಲ್ಲಿ ದುಡಿದು ಬಿಟ್ಟ ನಮ್ಮ ಪಕ್ಕದ ಮನೆಯ ಅಜ್ಜ, “ಗಂಜಿ ನೋಡಿ ಮೋಸ ಹೋಗಬ್ಯಾಡವ್ವ, ಬೆಳಕಿಗೆ ಹಿಡಿದು ನೋಡು” ಎಂದಿದ್ದರು. ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ಸಂದು ಕಾಣದ, ಎರಡು ಬೆರಳಿನಲ್ಲಿ ಉಜ್ಜಿದಾಗ ಗಂಜಿಯ ಪುಡಿ ಉದುರದ ತುಂಡನ್ನೇ ತೆಗೆದುಕೊಂಡೆ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಅದೂ ಎರಡು ಬಗೆಯ ಬಟ್ಟೆಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಹೊಲಿದ ಮೇಲೆ ಹೀಗಾದರೆ ಚೀಲ ಸೊಟ್ಟಗಾಗುವುದರಿಂದ, ಎರಡನ್ನೂ ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ನಂತರವೇ ಕತ್ತರಿ ಹಿಡಿದೆ.

ಚೀಲದ ಅಳತೆ 14 ಇಂಚು ಅಗಲ, 17 ಇಂಚು ಎತ್ತರ. ಸುತ್ತಲೂ ಅರ್ಧ ಇಂಚು ಹೊಲಿಗೆಗೆ ಬಿಟ್ಟು, 15 ಇಂಚು ಅಗಲ ಮತ್ತು 18 ಇಂಚು ಎತ್ತರದ ಎರಡು ತುಂಡುಗಳನ್ನು ಹೊರಬಟ್ಟೆಯಲ್ಲಿಯೂ ಎರಡನ್ನು ಅಸ್ತರಿನಲ್ಲಿಯೂ ಕತ್ತರಿಸಿದೆ. 36 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಾದರೂ ಎರಡು ತುಂಡುಗಳು ಅಕ್ಕಪಕ್ಕ ಕೂರುತ್ತವೆ. ಅರ್ಧ ಮೀಟರಿನಲ್ಲಿ ಕೆಲಸ ಮುಗಿಯುವಂತೆ ಕಂಡರೂ ಕುಗ್ಗುವುದನ್ನು ಲೆಕ್ಕ ಹಾಕಿ ಮುಕ್ಕಾಲು ಮೀಟರ್ ಕೊಳ್ಳುವುದು ಕ್ಷೇಮ. ಒಳಗೆ ಮುದುಡದಿರಲೆಂದು ಅಸ್ತರನ್ನು ತುಸು ಚಿಕ್ಕದಾಗಿ ಕತ್ತರಿಸುವ ಪದ್ಧತಿಯಿದೆ. ಅದು ನನಗೆ ಒಪ್ಪಿಗೆಯಿಲ್ಲ. ಅಸ್ತರು ಗಿಡ್ಡವಾದರೆ ಪುಸ್ತಕಗಳ ಭಾರವನ್ನೆಲ್ಲ ತೆಳುವಾದ ಪಾಪ್ಲಿನ್ನೇ ಹೊರಬೇಕಾಗುತ್ತದೆ. ಸಮನಾಗಿದ್ದರೆ ಅದು ಕ್ಯಾನ್ವಾಸಿನ ಮೇಲೆ ಒರಗಿ ಕೂರುತ್ತದೆ. ಒಳಗೆ ಒಂದೆರಡು ನೆರಿಗೆ ಬಿದ್ದರೆ ಯಾರಿಗೂ ಕಾಣುವುದಿಲ್ಲ.

ಕುಣಿಕೆಗೆ ಒಂದು ಇಂಚು ಅಗಲದ ಹತ್ತಿಯ ಪಟ್ಟಿಯನ್ನು 3 ಇಂಚಿನಂತೆ ಎರಡು ತುಂಡು ಮಾಡಿ, ನಡುವೆ ಮಡಚಿದೆ. ಅವನ್ನು ಮುಂಭಾಗದ ಹೊರಬಟ್ಟೆಯ ಎಡಬಲ ಅಂಚುಗಳಿಗೆ, ಕೆಳಗಿನಿಂದ ಒಂದೂವರೆ ಇಂಚು ಮೇಲೆ, ಮಡಿಕೆ ಒಳಮುಖವಾಗಿಯೂ ಕತ್ತರಿಸಿದ ತುದಿಗಳು ಬಟ್ಟೆಯ ಅಂಚನ್ನು ದಾಟಿ ಕಾಲಿಂಚು ಹೊರಗೆ ಚಾಚುವಂತೆಯೂ ಇಟ್ಟು ಕಚ್ಚಾ ಹೊಲಿಗೆ ಹಾಕಿದೆ. ತೀರಾ ಮೂಲೆಯಲ್ಲಿಯೇ ಕೂರಿಸಿದರೆ ಬಟ್ಟೆಯ ಪದರಗಳು ಒಂದರ ಮೇಲೊಂದು ಪೇರಿ ಸೂಜಿ ಮುರಿಯುತ್ತದೆ. ಕುಣಿಕೆಯ ಹಿಂದೆ ಎರಡು ಇಂಚಿನ ಚೌಕ ಕ್ಯಾನ್ವಾಸ್ ತುಂಡೊಂದನ್ನು ಒತ್ತಾಗಿ ಕೊಟ್ಟಿದ್ದರಿಂದ ಎಳೆತ ಒಂದೇ ಸಾಲಿನ ಹೊಲಿಗೆಯ ಮೇಲೆ ಬೀಳದೆ ಹರಡಿಕೊಳ್ಳುತ್ತದೆ. ಇಷ್ಟು ದಪ್ಪಕ್ಕೆ 16ನೇ ನಂಬರಿನ ಸೂಜಿ ಮತ್ತು ಪಾಲಿಯೆಸ್ಟರ್ ದಾರ ಬೇಕು. ಕುಣಿಕೆ ಬರುವಲ್ಲಿ ಚಕ್ರವನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿ, ಹಿಂದಕ್ಕೂ ಮುಂದಕ್ಕೂ ಮೂರು ಬಾರಿ ಹೊಲಿದೆ.

ಜೋಡಿಸುವ ಕ್ರಮ ಓದುವಾಗ ಗೊಂದಲವೆನಿಸಿದರೂ ಬಟ್ಟೆ ಕೈಯಲ್ಲಿದ್ದರೆ ಸಲೀಸು. ಮೊದಲು ಹೊರಬಟ್ಟೆಯ ಒಂದು ತುಂಡಿನ ಮೇಲಂಚನ್ನು ಅಸ್ತರಿನ ಮೇಲಂಚಿಗೆ ಹೊಲಿದು ಬಿಡಿಸಿದರೆ ಒಂದು ಉದ್ದನೆಯ ತುಂಡಾಗುತ್ತದೆ. ಅಂಥವೆರಡನ್ನು, ಹೊರಬಟ್ಟೆಯ ಮೇಲೆ ಹೊರಬಟ್ಟೆ, ಅಸ್ತರಿನ ಮೇಲೆ ಅಸ್ತರು ಬರುವಂತೆ, ನೇರ ಮಗ್ಗುಲುಗಳನ್ನು (ಕೊನೆಗೆ ಕಣ್ಣಿಗೆ ಕಾಣಬೇಕಾದ ಬದಿಗಳನ್ನು) ಎದುರುಬದುರಾಗಿಟ್ಟು ಸುತ್ತಲೂ ಹೊಲಿದೆ. ಅಸ್ತರಿನ ತಳದಲ್ಲಿ 5 ಇಂಚು ಹೊಲಿಯದೆ ಬಿಟ್ಟೆ. ಹೊರಬಟ್ಟೆಯ ಎರಡೂ ಪಕ್ಕಗಳಲ್ಲಿ, ಮೇಲಿನ ಜೋಡಣೆಯಿಂದ ಒಂದು ಇಂಚು ಕೆಳಗೆ, ಒಂದು ಇಂಚಿನ ಕಿಂಡಿ ಬಿಟ್ಟು, ಅದರ ಎರಡೂ ತುದಿಗಳನ್ನು ಮರುಹೊಲಿಗೆಯಿಂದ ಬಿಗಿಮಾಡಿದೆ. ಲಾಡಿ ದಿನವೂ ಉಜ್ಜುವುದು ಇಲ್ಲಿಯೇ ಆದ್ದರಿಂದ, ಕಿಂಡಿಯ ಅಂಚುಗಳನ್ನು ಒಳಕ್ಕೆ ಬಿಡಿಸಿ, ಇಸ್ತ್ರಿ ಒತ್ತಿ, ಚಿಕ್ಕ ಚಿಕ್ಕ ಕೈಹೊಲಿಗೆಯಿಂದ ಕೂರಿಸಿದೆ. ಮೆಷಿನ್ ಎಷ್ಟು ಚೆನ್ನಾಗಿದ್ದರೂ ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಕೈಯೇ ಮೇಲು ಎನ್ನುವುದು ನನ್ನ ಅಭಿಪ್ರಾಯ.

ಮೂಲೆಗಳ ಹೆಚ್ಚುವರಿ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ, ತಳದಲ್ಲಿ ಬಿಟ್ಟ ಬಾಯಿಯಿಂದ ಇಡೀ ಚೀಲವನ್ನು ಹೊರಗೆಳೆದೆ. ಆ ಬಾಯಿಯನ್ನು ಮುಚ್ಚುವ ಮೊದಲು ಒಳಗೆ ಕೈಹಾಕಿ ಅಸ್ತರಿನ ಕೆಳಮೂಲೆಗಳನ್ನು ಹೊರಬಟ್ಟೆಯ ಮೂಲೆಗಳಿಗೆ ನಾಲ್ಕಾರು ಟಾಕುಗಳಿಂದ ಸೇರಿಸಿದೆ. ಇಲ್ಲದಿದ್ದರೆ ಪುಸ್ತಕ ತೆಗೆಯುವಾಗಲೆಲ್ಲ ಅಸ್ತರೂ ಜೊತೆಗೇ ಮೇಲೆ ಬರುತ್ತದೆ. ನಂತರ ತಳ ಮುಚ್ಚಿ, ಅಸ್ತರನ್ನು ಒಳಕ್ಕೆ ತಳ್ಳಿ, ಬಾಯಿಯ ಸುತ್ತ ಮೇಲಂಚಿನಿಂದ ಒಂದು ಇಂಚಿಗೊಂದು, ಎರಡು ಇಂಚಿಗೊಂದು ಹೊಲಿಗೆ ಹಾಕಿದೆ. ಈ ಎರಡು ಸಾಲುಗಳ ನಡುವಿನದೇ ಲಾಡಿಯ ನೇಫಾ, ಕಿಂಡಿಗಳು ಸರಿಯಾಗಿ ಅದಕ್ಕೇ ತೆರೆದುಕೊಳ್ಳುತ್ತವೆ.

ಲಾಡಿಗೆ ನೈಲಾನ್ ಹಗ್ಗ ಸುಲಭವಾಗಿ ಜಾರುತ್ತದೆ, ನಿಜ. ಆದರೆ ಅದರ ಗಂಟೂ ಅಷ್ಟೇ ಸುಲಭವಾಗಿ ಜಾರುತ್ತದೆ, ತೆಳುವಾದದ್ದು ಹೆಗಲನ್ನೂ ಕೊರೆಯುತ್ತದೆ. 5 ಮಿಲಿಮೀಟರ್ ದಪ್ಪದ ಹೆಣೆದ ಹತ್ತಿಯ ದಾರವನ್ನು 70 ಇಂಚಿನಂತೆ ಎರಡು ಮಾಡಿದೆ. ನೇಫಾದ ಸುತ್ತಳತೆ 28, ಮೇಲಿಂದ ಕೆಳಗೆ ಎರಡು ಎಳೆಗೆ 34, ಉಳಿದದ್ದು ಗಂಟಿಗೆ. ಪಿನ್ನಿಗೆ ಸಿಕ್ಕಿಸಿದ ಮೊದಲ ದಾರ ಎಡಗಿಂಡಿಯಿಂದ ಹೊರಟು, ಬಲಗಿಂಡಿಯನ್ನು ದಾಟಿ, ಪೂರ್ತಿ ಸುತ್ತು ಹಾಕಿ ಎಡಗಿಂಡಿಗೇ ಬರಬೇಕು. ಎರಡನೆಯದು ಬಲದಿಂದ ಹೊರಟು ಬಲಕ್ಕೇ. ಆಯಾ ಪಕ್ಕದ ಎರಡು ತುದಿಗಳನ್ನು ಆ ಪಕ್ಕದ ಕುಣಿಕೆಯಲ್ಲಿ ತೂರಿಸಿ ಕಟ್ಟಿದರೆ, ಎರಡೂ ಕಡೆ ಒಟ್ಟಿಗೆ ಎಳೆದಾಗ ಬಾಯಿ ಮುಚ್ಚುತ್ತದೆ. ಕೊನೆಯ ಗಂಟನ್ನು ಮಗಳ ಬೆನ್ನಿಗೆ ಚೀಲ ಹಾಕಿ, ಒಳಗೆ ಪುಸ್ತಕಗಳನ್ನಿಟ್ಟು, ಅದು ಸೊಂಟದ ಮೇಲೆ ನಿಲ್ಲುವಂತೆ ನೋಡಿಕೊಂಡು ಬಿಗಿದೆ. ಗಂಟಿನ ಆಚೆ ಉಳಿದ ತುದಿಗಳನ್ನು ಕತ್ತರಿಸದೆ, ಎಳೆ ಬಿಚ್ಚದಂತೆ ದಾರ ಸುತ್ತಿ ಬಿಟ್ಟಿದ್ದೇನೆ.