ಆರಂಭಿಕ ಹಂತದ ಜಠರ, ಅನ್ನನಾಳ ಕ್ಯಾನ್ಸರ್‌ಗೆ ಎಂಡೋಸ್ಕೋಪಿ ಚಿಕಿತ್ಸೆ: ರೋಗಿಯ ಸಿದ್ಧತೆ ಹೇಗಿರಬೇಕು?

ಗಡ್ಡೆಯು ಒಳಪೊರೆಯನ್ನು ದಾಟದೆ, ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡುವ ಸಂಭವ ತೀರಾ ಕಡಿಮೆ ಇದ್ದಾಗ ಮಾತ್ರ, ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ ಗಡ್ಡೆ ತೆಗೆಯುವ ಈ ಚಿಕಿತ್ಸೆ ಸೂಕ್ತ. ಆದ್ದರಿಂದ ಬಯಾಪ್ಸಿ ವರದಿ ಕೈಗೆ ಬಂದೊಡನೆ ಗಡ್ಡೆಯ ಆಳ, ಅಳತೆ ಮತ್ತು ಅದರಲ್ಲಿ ಹುಣ್ಣಿದೆಯೇ ಎಂಬುದನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ.

ಜಪಾನಿನಲ್ಲಿ 1990ರ ದಶಕದಲ್ಲಿ ರೂಪುಗೊಂಡ ಇಎಸ್‌ಡಿ (ಎಂಡೋಸ್ಕೋಪಿಕ್ ಸಬ್‌ಮ್ಯೂಕೋಸಲ್ ಡಿಸೆಕ್ಷನ್) ಎಂಬ ಈ ಚಿಕಿತ್ಸೆಯ ವಿಧಾನದಲ್ಲಿ, ಗಡ್ಡೆಯ ಸುತ್ತ ಗುರುತು ಹಾಕಿ, ಒಳಪೊರೆಯ ಕೆಳಗೆ ದ್ರವವನ್ನು ಚುಚ್ಚಿ ಅದನ್ನು ಮೇಲಕ್ಕೆತ್ತಿ, ವಿದ್ಯುತ್ ಚಾಕುವಿನಿಂದ ಒಂದೇ ತುಂಡಾಗಿ ಬಿಡಿಸಿ ತೆಗೆಯುತ್ತಾರೆ. ಇದು ಅಪಾರ ಕೈಚಳಕ ಬೇಡುವ ಕೆಲಸವಾದ್ದರಿಂದ, ವೈದ್ಯರಿಗೆ ಇದರಲ್ಲಿ ಎಷ್ಟು ಅನುಭವವಿದೆ ಎಂದು ವಿಚಾರಿಸಲು ಸಂಕೋಚಪಡಬೇಡಿ.

ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧ ಮತ್ತು ಅಲರ್ಜಿಗಳ ಪಟ್ಟಿಯನ್ನು ಮುಂಚಿತವಾಗಿ ಕೊಡಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಉಪವಾಸದ ಅವಧಿಯನ್ನು ಆಸ್ಪತ್ರೆ ಹೇಳಿದಂತೆಯೇ ಪಾಲಿಸಿ.

ಚಿಕಿತ್ಸೆಯ ನಂತರ ಜಠರದಲ್ಲಿ ಉಳಿಯುವ ಗಾಯ ಮಾಯಲು ಸಾಮಾನ್ಯವಾಗಿ ಕೆಲವು ವಾರ ಆಮ್ಲ ತಗ್ಗಿಸುವ ಮಾತ್ರೆ ಬೇಕಾಗುತ್ತದೆ. ಟಾರಿನಂತಹ ಕಪ್ಪು ಮಲ, ರಕ್ತವಾಂತಿ, ತೀವ್ರ ಹೊಟ್ಟೆನೋವು ಅಥವಾ ಎದೆನೋವು, ಜ್ವರ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಅನ್ನನಾಳದ ಸುತ್ತಳತೆಯ ಮುಕ್ಕಾಲಿಗಿಂತ ಹೆಚ್ಚು ಭಾಗದ ಪೊರೆ ತೆಗೆದಿದ್ದರೆ ನಾಳ ಕಿರಿದಾಗುವ ಸಾಧ್ಯತೆ ಹೆಚ್ಚು. ನುಂಗಲು ಕಷ್ಟವಾದರೆ ತಿಳಿಸಿ.

ನಿಜವಾದ ತೀರ್ಮಾನ ಹೊರಬೀಳುವುದು ತೆಗೆದ ತುಂಡಿನ ಪರೀಕ್ಷೆಯಲ್ಲಿ. ಅಂಚಿನಲ್ಲಿ ಅಥವಾ ರಕ್ತನಾಳ, ದುಗ್ಧರಸ ನಾಳಗಳಲ್ಲಿ ಕ್ಯಾನ್ಸರ್ ಕೋಶಗಳು ಕಂಡರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ವರದಿ ಚೆನ್ನಾಗಿದ್ದರೂ, ಉಳಿದ ಪೊರೆಯಲ್ಲಿ ಹೊಸ ಗಡ್ಡೆ ಮೂಡಬಹುದಾದ್ದರಿಂದ, ನಿಗದಿತ ಎಂಡೋಸ್ಕೋಪಿಗಳನ್ನು ತಪ್ಪಿಸಬೇಡಿ. ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕಿದ್ದರೆ ಅದಕ್ಕೂ ಪೂರ್ಣ ಚಿಕಿತ್ಸೆ ಪಡೆಯಿರಿ.