ಬೋರ್ಡ್ ಹಾಕಿದ್ದು ಸುಲಭ: ಚೀನಾ ಮಾಲು ಬಿಟ್ಟ ನನ್ನ ಅನುಭವ

ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಸಣ್ಣ ಎಲೆಕ್ಟ್ರಿಕಲ್ ಅಂಗಡಿ ಉಂಟು. ವಯರ್, ಸ್ವಿಚ್ಚು, ಫ್ಯಾನು, ಬಲ್ಬು ಮಾರುತ್ತೇನೆ. ಮಳೆಗಾಲಕ್ಕೆ ಟಾರ್ಚು, ಎಮರ್ಜೆನ್ಸಿ ಲೈಟು. ದೀಪಾವಳಿಗೆ ಸೀರಿಯಲ್ ಸೆಟ್ಟು. ವಿದೇಶಿ ಮಾಲು ಬಹಿಷ್ಕಾರದ ಮಾತು ಎದ್ದಾಗಲೆಲ್ಲ ಯಾರಾದರೂ ಬಂದು, "ನೀವು ಒಮ್ಮೆ ಮಾಡಿದ್ದಿರಲ್ಲ, ಎಂತ ಆಯ್ತು?" ಅಂತ ಕೇಳುತ್ತಾರೆ. ಪ್ರತಿಸಲ ಹೇಳಿ ಸಾಕಾಗಿದೆ. ಹಾಗಾಗಿ ಬರೆದೇ ಇಡುತ್ತೇನೆ.

2020ರ ಜೂನ್ 15ರಂದು ಲಡಾಖ್‌ನ ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರ ಜೊತೆಗಿನ ಘರ್ಷಣೆಯಲ್ಲಿ ನಮ್ಮ 20 ಸೈನಿಕರು ಪ್ರಾಣ ಕಳೆದುಕೊಂಡರು. ಲಾಕ್‌ಡೌನ್ ಸಡಿಲವಾಗಿ ಅಂಗಡಿ ತೆರೆದು ಹೆಚ್ಚು ದಿನ ಆಗಿರಲಿಲ್ಲ. ವ್ಯಾಪಾರ ಕಮ್ಮಿ, ನಿಂತು ಮಾತಾಡುವವರು ಜಾಸ್ತಿ. ನನಗೆ ಯಾರೂ ಒತ್ತಾಯ ಮಾಡಲಿಲ್ಲ, ನನಗೇ ಸಿಟ್ಟು ಬಂದಿತ್ತು. ತಿಂಗಳ ಕೊನೆಗೆ ಸರ್ಕಾರ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದರ ಮರುದಿನ ಥರ್ಮಾಕೋಲಿನ ಮೇಲೆ ಕೆಂಪು ಮಾರ್ಕರ್‌ನಲ್ಲಿ "ಇಲ್ಲಿ ಚೀನಾ ಮಾಲು ಮಾರುವುದಿಲ್ಲ" ಎಂದು ಬರೆದು ಗಲ್ಲಾದ ಮೇಲೆ ನೇತುಹಾಕಿದೆ.

ಬೋರ್ಡ್ ಬರೆಯಲು ಐದು ನಿಮಿಷ ಸಾಕಾಯಿತು. ಯಾವುದು ಚೀನಾದ್ದು ಎಂದು ಹುಡುಕಲು ಎರಡು ದಿನ ಬೇಕಾಯಿತು. ಆಗ ವಾಟ್ಸಾಪ್‌ನಲ್ಲಿ ಒಂದು ಮೆಸೇಜು ಓಡಾಡುತ್ತಿತ್ತು. ಬಾರ್‌ಕೋಡ್ 690ರಿಂದ 699ರ ಒಳಗೆ ಶುರುವಾದರೆ ಚೀನಾದ್ದು, 890 ಆದರೆ ಭಾರತದ್ದು ಅಂತ. ನಾನೂ ನಂಬಿದೆ. ಹಾಗೇ ವಿಂಗಡಿಸುತ್ತಾ ಹೋದೆ. 890 ಇದ್ದ ಒಂದು ಸೊಳ್ಳೆ ಬ್ಯಾಟಿನ ಡಬ್ಬಿಯನ್ನು "ನಮ್ಮದು" ಸಾಲಿಗೆ ಇಡುವಾಗ ಅದರ ಅಡಿ ಕಂಡಿತು. ಇರುವೆ ಗಾತ್ರದ ಅಕ್ಷರದಲ್ಲಿ "ಕಂಟ್ರಿ ಆಫ್ ಒರಿಜಿನ್: ಪಿ.ಆರ್.ಸಿ." ಎಂದಿತ್ತು. ಪೀಪಲ್ಸ್ ರಿಪಬ್ಲಿಕ್ ಆಫ್ ಚೀನಾ. ಚೀನಾ ಅಂತ ಬರೆದರೆ ಜನ ಕೊಳ್ಳುವುದಿಲ್ಲ ಎಂದು ಹೀಗೆ ಹಾಕುತ್ತಾರೋ ಏನೋ. ಕಂಪನಿ ಯಾವ ದೇಶದಲ್ಲಿ ಬಾರ್‌ಕೋಡ್ ಪಡೆದಿದೆ ಎಂದಷ್ಟೇ ಆ ನಂಬರು ಹೇಳುತ್ತದೆ. ಮಾಲು ಎಲ್ಲಿ ತಯಾರಾಯಿತು ಎಂದು ಹೇಳುವುದಿಲ್ಲ. ಈಗಲೂ ಆ ಮೆಸೇಜು ತಿರುಗಾಡುತ್ತಿದೆ, ನಂಬಬೇಡಿ. ಡಬ್ಬಿಯ ಅಡಿ ನೋಡಿ.

ಪುನಃ ಮೊದಲಿಂದ ಶುರು ಮಾಡಿದೆ. ಭಾರತದಲ್ಲಿ ತಯಾರಾದದ್ದು ಎಂದು ಬರೆದಿದ್ದ 9 ವಾಟ್‌ನ ಎಲ್ಇಡಿ ಬಲ್ಬೊಂದನ್ನು ಬಿಚ್ಚಿಯೇ ನೋಡಿದೆ. ಮೇಲಿನ ಬಿಳಿ ಬುರುಡೆಯನ್ನು ತಿರುಚಿ ಎಳೆದರೆ ಕಳಚಿ ಬರುತ್ತದೆ. ಒಳಗೆ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಬೆಳಕು ಕೊಡುವ, ಅಕ್ಕಿ ನುಚ್ಚಿನಷ್ಟು ಹಳದಿ ಎಲ್ಇಡಿ ಚಿಪ್ಪುಗಳು, ಕೆಳಗೆ ಡ್ರೈವರ್ ಎಂಬ ಸಣ್ಣ ಸರ್ಕಿಟ್ ಬೋರ್ಡು. ಫೋಟೊ ತೆಗೆದು ಮಂಗಳೂರಿನ ಹೋಲ್‌ಸೇಲ್‌ನವರಿಗೆ ಕಳಿಸಿದೆ. "ಬುರುಡೆ ನಮ್ಮದು, ಕ್ಯಾಪು ನಮ್ಮದು, ಜೋಡಿಸಿದ್ದು ನಮ್ಮ ಹುಡುಗರೇ. ಆ ಹಳದಿ ಉಂಟಲ್ಲ, ಅದು ಅಲ್ಲಿಂದಲೇ ಬರುವುದು ಮಾರಾಯ್ರೆ. ಅದನ್ನೂ ಬಿಟ್ಟರೆ ನೀವು ಕ್ಯಾಂಡಲ್ ಮಾರಬೇಕಷ್ಟೆ" ಅಂದರು. ಬಲ್ಬನ್ನು ನಮ್ಮ ಸಾಲಿಗೇ ಇಟ್ಟೆ. ಮನಸ್ಸಿಗೆ ಪೂರಾ ಒಪ್ಪಿಗೆ ಆಗಲಿಲ್ಲ.

ಕೊನೆಗೆ ಬದಿಗಿಟ್ಟ ಮಾಲು ಲೆಕ್ಕ ಹಾಕಿದರೆ 2,80,000 ರೂಪಾಯಿಯದ್ದು. ಸೊಳ್ಳೆ ಬ್ಯಾಟು, ಟಾರ್ಚು, ಸೀರಿಯಲ್ ಸೆಟ್ಟು, ಜೊತೆಗೆ ಎಮರ್ಜೆನ್ಸಿ ಲೈಟು 60. ಎಲ್ಲವನ್ನೂ ಗೋಡೌನಿಗೆ ಸಾಗಿಸಿದೆ. ಅಂಗಡಿಯ ಲೆಕ್ಕ ನೋಡುವವಳು ನನ್ನ ಹೆಂಡತಿ. "ಇದರ ದುಡ್ಡು ಚೀನಾದವನಿಗೆ ಆಗಲೇ ಹೋಗಿ ಆಯ್ತಲ್ಲ? ಈಗ ಕಟ್ಟಿಟ್ಟರೆ ನಷ್ಟ ಅವನಿಗಾ, ನಮಗಾ?" ಎಂದು ಕೇಳಿದಳು. ಸಿಟ್ಟಿನಲ್ಲಿದ್ದೆ, ಉತ್ತರ ಕೊಡಲಿಲ್ಲ.

ಮೊದಲ ವಾರ ಬೋರ್ಡ್ ನೋಡಿ ಬೆನ್ನು ತಟ್ಟಿದವರು ಸುಮಾರು ಜನ. ಕೆಲವರು ಫೋಟೊ ತೆಗೆದುಕೊಂಡು ಹೋದರು. ಆಮೇಲೆ ಬ್ಯಾಟ್ ಬೇಕು ಎಂದು ಬಂದವರಿಗೆ "ಇಲ್ಲ" ಅಂದಾಗ, "ಛೆ, ಒಳ್ಳೆ ಕೆಲಸ" ಎನ್ನುತ್ತಲೇ ಎರಡು ಅಂಗಡಿ ಆಚೆ ಹೋಗಿ ತೆಗೆದುಕೊಂಡರು. ಅವರನ್ನು ದೂರುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಮನೆಯಲ್ಲಿ ಮಗು ಇದ್ದರೆ ಬ್ಯಾಟು ಬೇಕೇ ಬೇಕು.

ಗಿರಾಕಿಗಳಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಬೋರ್ಡನ್ನು ತುಂಬಾ ಹೊತ್ತು ನೋಡಿ, "1921ರಲ್ಲಿ ಗಾಂಧೀಜಿ ಮುಂಬೈಯಲ್ಲಿ ವಿದೇಶಿ ಬಟ್ಟೆ ಸುಡಿಸಿದರು. ಆದರೆ ಸುಡು ಎಂದವರು ಕೈಗೆ ಚರಕವನ್ನೂ ಕೊಟ್ಟಿದ್ದರು. ನಿಮ್ಮ ಚರಕ ಎಲ್ಲಿ?" ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ.

ಸೆಪ್ಟೆಂಬರ್ 20, ಭಾನುವಾರ. ಆ ದಿನ ಉಡುಪಿಯವರಿಗೆ ಮರೆಯುವುದಿಲ್ಲ. ರಾತ್ರಿಯಿಡೀ ಮಳೆ ಹೊಡೆದು ಬೆಳಿಗ್ಗೆ ಪೇಟೆಯೊಳಗೆ ನೆರೆ. ನನ್ನ ಅಂಗಡಿಯ ಎರಡನೇ ಮೆಟ್ಟಿಲಿನವರೆಗೆ ನೀರು ಬಂದು ನಿಂತಿತು. ಕರೆಂಟ್ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ನೀರಲ್ಲಿ ನಡೆದುಕೊಂಡು ಜನ ಬರತೊಡಗಿದರು. ಎಲ್ಲರಿಗೂ ಬೇಕಾದದ್ದು ಬೆಳಕು. ಒಬ್ಬರು ಅಮ್ಮ, "ಅತ್ತೆ ಮಲಗಿದಲ್ಲೇ ಇದ್ದಾರೆ, ರಾತ್ರಿ ಕತ್ತಲೆಯಲ್ಲಿ ಎಂತ ಮಾಡುವುದು ಅಣ್ಣ?" ಅಂದರು. ಅವರ ಮುಂದೆ ಗಾಲ್ವಾನ್ ಮಾತಾಡಲು ನನಗೆ ಬಾಯಿ ಬರಲಿಲ್ಲ. ಬೋರ್ಡ್ ಇಳಿಸಿ ಗೋಡೌನಿನಿಂದ ಆ 60 ಲೈಟು ತರಿಸಿದೆ.

ಉರಿದದ್ದು 19. ಉಳಿದ 41 ಸತ್ತಿದ್ದವು. ಅವುಗಳ ಒಳಗಿರುವುದು 4 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿ. ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡದಿದ್ದರೆ ಹಾಳಾಗುತ್ತದೆ. ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿ, ಆಮೇಲೆ ನನ್ನ ಬಹಿಷ್ಕಾರ ಸೇರಿ, ಆರು ತಿಂಗಳು ಅವನ್ನು ಯಾರೂ ಮುಟ್ಟಿರಲಿಲ್ಲ. ಉರಿದ 19ನ್ನು ಕೊಂಡ ಬೆಲೆಗೇ ಕೊಟ್ಟೆ. 41ನ್ನು ಮೂಲೆಗೆ ರಾಶಿ ಹಾಕಿ ಅದರ ಮುಂದೆ ಕೂತೆ. ಹೆಂಡತಿ ಕೇಳಿದ್ದಕ್ಕೆ ಉತ್ತರ ಅಲ್ಲೇ ರಾಶಿ ಬಿದ್ದಿತ್ತು.

ನಿಜವಾದ ಕೆಲಸ ಶುರುವಾದದ್ದು ಆ ಮೇಲೆ. ಆ ಲೈಟುಗಳನ್ನು ಬಿಚ್ಚಿದಾಗ ಬಲ್ಬು, ಸರ್ಕಿಟ್ ಬೋರ್ಡು ಎಲ್ಲ ಸರಿ ಇತ್ತು. ಬ್ಯಾಟರಿ ಮಾತ್ರ ಹೋಗಿತ್ತು. ಅದೇ ಅಳತೆಯ ಬ್ಯಾಟರಿ ನಮ್ಮ ದೇಶದಲ್ಲೇ ತಯಾರಾಗುತ್ತದೆ. 25 ತರಿಸಿ, ಎರಡು ವಯರಿಗೆ ಬೆಸುಗೆ ಹಾಕಿ ಕೂರಿಸಿದೆ. ಎಲ್ಲವೂ ಉರಿದವು. ಮೊದಲೆಲ್ಲ ಗಿರಾಕಿ ಹಳೆಯ ಲೈಟು ತಂದರೆ "ಇದು ಆಗುವುದಿಲ್ಲ, ಹೊಸತು ತಗೊಳ್ಳಿ" ಎನ್ನುತ್ತಿದ್ದೆ. ಈಗ ಬ್ಯಾಟರಿ ಬದಲಿಸಿ ಕೊಡುತ್ತೇನೆ. ಒಂದು ಲೈಟು ಮತ್ತೆ ಎರಡು ಮೂರು ವರ್ಷ ಉರಿದರೆ ಅಷ್ಟು ಕಾಲ ಹೊಸತು ತರಿಸುವ ಕೆಲಸ ಇಲ್ಲ. ನಾನು ಮಾಡಿದ್ದರಲ್ಲಿ ಚೀನಾ ಮಾಲನ್ನು ಎಲ್ಲಕ್ಕಿಂತ ಜಾಸ್ತಿ ಇಳಿಸಿದ್ದು ಈ ರಿಪೇರಿಯೇ. ಅದಕ್ಕೆ ಬೋರ್ಡು ಬೇಕಾಗಲಿಲ್ಲ.

ಸೀರಿಯಲ್ ಸೆಟ್ಟನ್ನು ನಾವೇ ಮಾಡೋಣ ಎಂದೂ ಹೊರಟೆ. ಐಟಿಐ ಕಲಿತ ಇಬ್ಬರು ಹುಡುಗರು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಬಿಡಿ ಸಾಮಾನು. ನಮ್ಮ ಉಪ್ಪು ಗಾಳಿಗೆ ಎರಡೇ ತಿಂಗಳಲ್ಲಿ ಬೆಸುಗೆ ಹಸಿರಾಯಿತು. ಬೆಲೆ ಮೂರು ಪಟ್ಟು. ಎಲ್ಇಡಿ ಅಂತೂ ಅಲ್ಲಿನದ್ದೇ. ಬಿಟ್ಟುಬಿಟ್ಟೆ.

ಗೂಡುದೀಪ ಮಾತ್ರ ಕೈ ಹಿಡಿಯಿತು. ಮಡಚುವ ಪ್ಲಾಸ್ಟಿಕ್ ಗೂಡುದೀಪ 120 ರೂಪಾಯಿಗೆ ಮಾರುತ್ತಿದ್ದೆ. ಬಿದಿರಿನ ಕಡ್ಡಿ, ಬಣ್ಣದ ಕಾಗದದ್ದನ್ನು ನಾವು ಚಿಕ್ಕವರಿದ್ದಾಗ ಮನೆಯಲ್ಲೇ ಮಾಡುತ್ತಿದ್ದೆವು. ಮೈದಾ ಅಂಟು ಕಾಯಿಸಿ, ಬಾಲಕ್ಕೆ ಕಾಗದ ಕತ್ತರಿಸಿ, ಕೈಯೆಲ್ಲ ಬಣ್ಣ. ಹಿರಿಯಡ್ಕ ಕಡೆಯ ಒಂದು ಮನೆಯವರು ಈಗಲೂ ಮಾಡುತ್ತಾರೆ ಎಂದು ಗೊತ್ತಾಗಿ ಹೋಗಿ ಕೇಳಿದೆ. "ದೀಪಾವಳಿಗೆ ಎರಡು ವಾರ ಇರುವಾಗ ಬಂದರೆ ಹೇಗೆ? ಆಟಿಯಲ್ಲಿ ಬನ್ನಿ, ಅಡ್ವಾನ್ಸ್ ಕೊಡಿ" ಅಂದರು. ಮುಂದಿನ ವರ್ಷ ಆಟಿಯಲ್ಲೇ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೇ, ಹೋದೆ. 40 ಮಾಡಿಸಿದೆ, ಒಂದಕ್ಕೆ 250 ರೂಪಾಯಿಯಂತೆ ಮಾರಿದೆ, ನಾಲ್ಕು ಉಳಿಯಿತು. ಕಾಗದದ ಮೇಲೆ ಮಳೆ ಬಿದ್ದರೆ ಮುಗಿಯಿತು ಎಂದು ಮೊದಲೇ ಹೇಳಿ ಕೊಡುತ್ತೇನೆ. ಅಂಗಳಕ್ಕೆ ಕಟ್ಟುವವರು ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತಾರೆ.

ಈ ನಡುವೆ ಮಲ್ಪೆ ಬಂದರಿನಲ್ಲಿ ಮೀನು ವ್ಯಾಪಾರ ಮಾಡುವ ಗೆಳೆಯನೊಬ್ಬ ಅಂಗಡಿಗೆ ಬಂದಿದ್ದ. ಪಾಂಬೋಲ್ (ರಿಬ್ಬನ್ ಮೀನು), ಬೊಂಡಾಸ್ (ಸ್ಕ್ವಿಡ್) ಖರೀದಿಸಿ ಫ್ರೀಜ್ ಮಾಡುವ ಕಂಪನಿಗಳಿಗೆ ಕೊಡುತ್ತಾನೆ. ಅಲ್ಲಿಂದ ಬಹಳಷ್ಟು ಮಾಲು ಹೋಗುವುದು ಚೀನಾಕ್ಕೆ. "ನೀನು ಅವರ ಬ್ಯಾಟು ಬಿಟ್ಟೆ, ಸರಿ. ನಾಳೆ ಅವರು ನಮ್ಮ ಪಾಂಬೋಲ್ ಬಿಟ್ಟರೆ ಬೋಟಿನವರು ಅದನ್ನು ನಿನ್ನ ಅಂಗಡಿಗೆ ತಂದು ಹಾಕುವುದಾ?" ಅಂದ. ತಮಾಷೆಗೆ ಹೇಳಿದ್ದು. ಆದರೂ ಆ ರಾತ್ರಿ ತಲೆಯಲ್ಲಿ ಅದೇ ಓಡುತ್ತಿತ್ತು.

ಹಾಗಾದರೆ ಬಹಿಷ್ಕಾರ ಬೇಡವೇ? ಎಲ್ಲದಕ್ಕೂ ಒಂದೇ ಉತ್ತರ ಇಲ್ಲ. 2025ರ ಮೇಯಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತಾಗ ದೇಶದ ಹಲವು ಕಡೆ ವ್ಯಾಪಾರಿಗಳು ಟರ್ಕಿ ಸೇಬು ಬಿಟ್ಟರು. ನನ್ನ ಪಕ್ಕದ ಹಣ್ಣಿನಂಗಡಿಯವರೂ ಬಿಟ್ಟರು. ಅವರಿಗೆ ಒಂದು ದಿನವೂ ಕಷ್ಟ ಆಗಲಿಲ್ಲ. ಸೇಬು ಕಾಶ್ಮೀರದ್ದು ಉಂಟು, ಹಿಮಾಚಲದ್ದು ಉಂಟು. ಎಲ್ಇಡಿ ಚಿಪ್ಪಿಗೆ ಹಿಮಾಚಲ ಎಲ್ಲಿದೆ? 2019-20ರಲ್ಲಿ ಚೀನಾದಿಂದ ನಮ್ಮ ಆಮದು ಸುಮಾರು 65 ಶತಕೋಟಿ ಡಾಲರ್. ನಾವೆಲ್ಲ ಬೋರ್ಡ್ ಹಾಕಿ, ಇಳಿಸಿ ಆದ ಮೇಲೆ, 2024-25ರಲ್ಲಿ ಅದು 113 ಶತಕೋಟಿ ದಾಟಿದೆ. ನನ್ನ ಕಪಾಟಿನಲ್ಲಿ ವ್ಯತ್ಯಾಸ ತಂದದ್ದು ಸರ್ಕಾರದ ಒಂದು ಆದೇಶ. 2021ರಲ್ಲಿ, ಆಮದಿನ ಬೆಲೆ 121 ರೂಪಾಯಿಗಿಂತ ಕಮ್ಮಿ ಇರುವ ಸೊಳ್ಳೆ ಬ್ಯಾಟು ಒಳಗೆ ಬರಬಾರದು ಎಂದು ಮಾಡಿದರು. ಆ ಮೇಲೆ ಇಲ್ಲಿ ಜೋಡಿಸಿದ ಬ್ಯಾಟುಗಳೂ ಹೋಲ್‌ಸೇಲ್‌ನಲ್ಲಿ ಸಿಗತೊಡಗಿದವು. ಕೋಲು ಸ್ವಲ್ಪ ದಪ್ಪ, ಶಬ್ದ ಜೋರು. ಸೊಳ್ಳೆ ಸಾಯುತ್ತದೆ.

ಗಿರಾಕಿಗಳಿಗೆ ನಾನು ಹೇಳುವುದು ಇಷ್ಟೇ. ನಿಮಗೆ ಚೀನಾ ಮಾಲು ಬೇಡವಾದರೆ ಜುಲೈಯಲ್ಲಿ ಬಂದು ಹೇಳಿ. ದೀಪಾವಳಿಯ ಆರ್ಡರ್ ಕೊಡುವುದು ಆಗ. ನವೆಂಬರ್‌ನಲ್ಲಿ ಕಪಾಟಿನ ಮುಂದೆ ನಿಂತು ಬೇಡ ಎಂದರೆ ಆ ಮಾತು ಕಲ್ಸಂಕ ದಾಟಿ ಹೋಗುವುದಿಲ್ಲ. ಇದುವರೆಗೆ ಜುಲೈಯಲ್ಲಿ ಬಂದವರು ಇಬ್ಬರು. ಒಬ್ಬರು ಆ ಮೇಷ್ಟ್ರು. ಅವರಿಗೆ ಬೇಕಾದದ್ದು ಮೂರು ಗೂಡುದೀಪ, ಹಳೆಯ ಎಮರ್ಜೆನ್ಸಿ ಲೈಟಿಗೆ ಒಂದು ಬ್ಯಾಟರಿ. ಬ್ಯಾಟರಿಯನ್ನು ಅವರ ಎದುರೇ ಬದಲಿಸಿದೆ. "ಒಳಗಿನ ಬಲ್ಬು ಎಲ್ಲಿಯದ್ದು?" ಎಂದು ಕೇಳಿದರು. ಚೀನಾದ್ದೇ ಎಂದೆ. "ಇರಲಿ, ಅದು ಕೆಟ್ಟಾಗ ನೋಡುವ" ಎಂದು ಚೀಲಕ್ಕೆ ಹಾಕಿಕೊಂಡರು.