ಪಕ್ಕದ ಮನೆಯವ್ರ ಮರ ಕೊನೆಗೂ ಇಳಿಸಿದ್ವಿ (ನನ್ನ ಅನುಭವ)

ಪಕ್ಕದವ್ರ ಮರ ನಮ್ಮ ಮನೆ ಕಡೆ ವಾಲಿತ್ತು. ಕಡಿಸೋ ತಂಟೆಗೆ ಹೋಗ್ಬೇಡ, ಅವ್ರು ಸುತರಾಂ ಒಪ್ಪಲ್ಲ ಅಂದವ್ರೇ ಎಲ್ರೂ. ಒಪ್ಪಿದ್ರು, ಅರ್ಧಕ್ಕಿಂತ ಜಾಸ್ತಿ ಖರ್ಚೂ ಅವ್ರೇ ಹಾಕಿದ್ರು.

ಮೊದ್ಲು ವಕೀಲರ ಹತ್ರ ನೋಟಿಸ್ ಕಳಿಸು ಅಂದ್ರು, ಕಳಿಸಿದೆ. ಫೀಸ್ ಹೋಯ್ತು, ಪಕ್ಕದವ್ರು ಮಾತು ಬಿಟ್ರು, ಮರ ಹಾಗೇ ಇತ್ತು. ಆಮೇಲೆ ನಮ್ಮ ಕಡೆ ಚಾಚಿದ್ದ ಕೊಂಬೆ ಕಡಿಸಿದ್ದಕ್ಕೆ ಇನ್ನೊಂದಿಷ್ಟು ದುಡ್ಡು, ಭಾರ ಇಳೀತು ನಿಜ ಆದ್ರೆ ತೊಂದ್ರೆ ಇದ್ದಿದ್ದು ಬುಡದಲ್ಲಿ. ಒಬ್ಬ ಕಂಟ್ರಾಕ್ಟರ್ ಮರದ ತಲೆ, ಅಂದ್ರೆ ಮೇಲಿನ ಭಾಗ ಅಷ್ಟೂ, ಹಾರಿಸಿಬಿಡೋಣ, ಕಮ್ಮಿಗೆ ಆಗುತ್ತೆ ಅಂದ, ಖಂಡಿತ ಬೇಡ ಅಂದೆ. ತಲೆ ಕಡಿದ ಜಾಗದಲ್ಲಿ ಗುಂಪಾಗಿ ಚಿಗುರೊಡೆಯೋ ಕೊಂಬೆಗಳಿಗೆ ಹಿಡಿತ ಮೇಲ್ಮೇಲೆ ಅಷ್ಟೇ, ದಪ್ಪ ಆದ್ಮೇಲೆ ಗಾಳಿಗೆ ಸಿಗಿದು ಬೀಳೋದು ಅವೇ.

ನಾನು ಮಾಡಿದ್ದು ಅಳತೆ ಟೇಪನ್ನ ಅವ್ರ ಕೈಗೇ ಕೊಟ್ಟಿದ್ದು. ವಾಲಿರೋ ಮರ ಎಲ್ಲಾ ಅಪಾಯ ಅಲ್ಲ, ಎಳೇದ್ರಲ್ಲೇ ವಾಲಿ ಆಮೇಲೆ ಮೇಲಕ್ಕೆ ತಿರುಗಿ ಬೆಳೆದದ್ದು ಎಷ್ಟೋ ವರ್ಷ ನಿಲ್ಲುತ್ತೆ. ಇದು ಹೊಸ ವಾಲು, ಕಾಂಡದಲ್ಲಿ ಬಾಗೇ ಇಲ್ಲ, ಬುಡದಿಂದಾನೇ ನಮ್ಮ ಮನೆ ಕಡೆ. ಅಂದ್ರೆ ಮಣ್ಣು ಎದ್ದು ಬಿರುಕು ಬಿಟ್ಟಿದ್ದು ಆಚೆ ಬದಿ, ಅವ್ರ ಅಂಗಳದಲ್ಲಿ. ಬಿರುಕಿನ ಎರಡೂ ಕಡೆ ಉದ್ದದ ಮೊಳೆ ಊರಿ "ಯಜಮಾನ್ರೇ, ಗಾಳಿ ಮಳೆ ಬಂದಾಗೆಲ್ಲಾ ನೀವೇ ಅಳೆದು ಬರ್ಕೊಳ್ಳಿ" ಅಂದೆ. ಮೊಳೆಗಳ ನಡುವೆ ಶುರುವಲ್ಲಿ 10 ಸೆಂಟಿಮೀಟರ್ ಆಸುಪಾಸು, ಕೊನೇಲಿ ಹನ್ನೊಂದೂವರೆ ದಾಟಿತ್ತು ಅಂತ ನೆನಪು. ಮಾತು ಬಿಟ್ಟಿದ್ದವ್ರು ನನ್ನ ಅಂಗಳಕ್ಕೆ ಹೇಗೆ ಬಿಟ್ಕೊಂಡ್ರು ಅನ್ನೋದು ಮಾತ್ರ ಹೇಳಲ್ಲ, ಅದು ನನ್ನ ಹತ್ರಾನೇ ಇರ್ಲಿ.

ಮಧ್ಯೆ ಇನ್ನೊಂದು ಪ್ರಯೋಗ, ಒಳಗೆ ಪೊಳ್ಳಾಗಿದ್ಯಾ ಅಂತ ತಿಳಿಯೋಕೆ ಮರದ ಸುತ್ತಿಗೇಲಿ ಬುಡದ ಸುತ್ತ ಬಡಿದು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ, ಫೋನಲ್ಲಿ ಎಲ್ಲಾ ಒಂದೇ ಥರ ಕೇಳ್ಸುತ್ತೆ, ಕಿವೀನೇ ವಾಸಿ. ಗಟ್ಟಿ ಕಡೆ ಟಕ್ ಅನ್ನುತ್ತೆ, ಅಣಬೆ ಎದ್ದಿದ್ದ ಬದಿ ಖಾಲಿ ಡ್ರಮ್ ಥರ. ಅವ್ರ ಕೈಲೂ ಬಡಿಸಿದೆ, ಎರಡು ಸಲ ಬಡಿದು ಸುಮ್ನಾದ್ರು. ಕಡಿದ್ಮೇಲೆ ನೋಡಿದ್ರೆ ತ್ರಿಜ್ಯ 35 ಸೆಂಟಿಮೀಟರ್ ಹತ್ರ, ಗಟ್ಟಿ ಉಳಿದಿದ್ದು ಏಳೆಂಟು ಅಷ್ಟೇ, ಪೊಳ್ಳು ಮರದಲ್ಲಿ ಸುತ್ತಲಿನ ಗಟ್ಟಿ ಭಾಗ ತ್ರಿಜ್ಯದ ಮೂರನೇ ಒಂದು ಭಾಗ ಆದ್ರೂ ಇರ್ಬೇಕು ಅನ್ನೋದು ಅಂದಾಜು ಲೆಕ್ಕ.

ಮರ ಕಡಿಯೋ ಪರ್ಮಿಷನ್‌ಗೆ ಅರ್ಜಿ ಮರದ ಮಾಲೀಕರೇ ಹಾಕಿದ್ರು, ಅವ್ರ ಕೈಬರಹದ ಅಳತೆ ಪಟ್ಟಿ ತಾರೀಕು ಸಮೇತ ಜೊತೆಗಿಟ್ವಿ, ಮರುಪ್ರಶ್ನೆ ಬರ್ಲಿಲ್ಲ.

ಖರ್ಚು ಏರಿದ್ದು ಹಗ್ಗದ ಕೆಲಸಕ್ಕೆ. ನೇರ ಕೆಡವೋಕೆ ಜಾಗ ಇಲ್ಲ, ತುಂಡು ತುಂಡಾಗಿ ಕಟ್ಟಿ ಇಳಿಸಬೇಕು, ಅದಕ್ಕೆ ಡಬಲ್ ರೇಟ್. ದಿಮ್ಮಿ ಕಡಿಯೋ ಕಂಟ್ರಾಕ್ಟರಿಗೇ ಬಿಟ್ಟು, ಬೊಡ್ಡೆ ಕೀಳಿಸದೆ ಉಳಿಸಿದ್ದಕ್ಕೆ ಕಾಲುಭಾಗ ಇಳೀತು. ಕಡಿಯೋ ಖರ್ಚು ಪಕ್ಕದವ್ರದ್ದು, ಕಸ ಸಾಗಿಸೋದು ನಂದು. ಕಾಂಪೌಂಡ್ ಒಡೆದ್ರೆ ಯಾರ ಲೆಕ್ಕ ಅಂತ ಮೊದ್ಲೇ ಬರೆಸಿ ಸಹಿ ಹಾಕಿಸ್ಕೊಂಡಿದ್ದೆ, ಎರಡನೇ ದಿಮ್ಮಿ ಜಾರಿ ಮೂಲೆ ಒಡೀತು, ಕಂಟ್ರಾಕ್ಟರ್ ಬಾಕಿಯಲ್ಲೇ ಮುರ್ಕೊಂಡ್ವಿ.